ಅವ್ವನ ಪಟಕ್ಕೆ ನನ್ನ ಕಣ್ಣು

ಟರ್ಪೆಂಟೈನ್ ವಾಸನೆ ಬಂದರೆ ಈಗಲೂ ನನ್ನ ಕಣ್ಣು ತಾನಾಗಿ ನೆಲಕ್ಕೆ ಹೋಗುತ್ತದೆ. ಮೊನ್ನೆ ಗೇಟಿಗೆ ಬಣ್ಣ ಹೊಡೆಸುವಾಗಲೂ ಹಾಗೇ ಆಯಿತು.

ಅವ್ವ ತೀರಿಕೊಂಡಾಗ ಮನೆಯಲ್ಲಿ ಅವಳದೊಂದೂ ಫೋಟೋ ಇರಲಿಲ್ಲ. ಹೆಣವನ್ನು ಕುರ್ಚಿಯಲ್ಲಿ ಕೂರಿಸಿ, ಹಾರ ಹಾಕಿ ತೆಗೆಸಿದ್ದೇ ಮೊದಲನೆಯದು. ಪಿತೃಪಕ್ಷದಲ್ಲಿ ಎಡೆ ಇಡಲು ಪಟ ಬೇಕಲ್ಲ ಎಂದು ಅಪ್ಪ ಆ ಫೋಟೋ ಹಿಡಿದು, ನನ್ನನ್ನೂ ಕರೆದುಕೊಂಡು ಕೆ.ಆರ್. ನಗರದ ಬೋರ್ಡು ಬರೆಯುವವರ ಅಂಗಡಿಗೆ ಹೋದ.

"ಕಣ್ಣು ಮುಚ್ಚವ್ರೆ, ತೆರೆಸ್ಬೇಕು. ಮಗಿನ್ ಕಣ್ಣು ತಾಯಿ ತರಾನೇ ಅದಾ?" ಎಂದು ಪೇಂಟರು ಕೇಳಿದರು.

"ಅವಳ್ದೇ," ಎಂದ ಅಪ್ಪ.

ಟರ್ಪೆಂಟೈನ್ ನಾರುತ್ತಿದ್ದ ಸ್ಟೂಲಿನ ಮೇಲೆ ನನ್ನನ್ನು ಕೂರಿಸಿ, ನೇರಕ್ಕೆ ನೋಡು ಎಂದರು. ನೇರಕ್ಕೆ ಅಪ್ಪ ನಿಂತಿದ್ದ. ನಾನು ರೆಪ್ಪೆ ಬಡಿಯದೆ ಅವನನ್ನೇ ನೋಡಿದೆ.

ಸ್ವಲ್ಪ ಹೊತ್ತಿಗೆ ಅಪ್ಪ, "ಕಣ್ಣು ಕೆಳಕ್ ಮಾಡಿ ಬರೀರಿ," ಎಂದ. ನನ್ನ ಕಣ್ಣು ತಾನಾಗಿ ನೆಲಕ್ಕೆ ಇಳಿಯಿತು.

"ಕೆಳಕ್ ನೋಡುದ್ರೆ ಎಡೆ ಇಕ್ಕೋರು ಕಾಣಾಕಿಲ್ವಲ್ಲ ಯಜಮಾನ್ರೆ," ಎಂದು ಪೇಂಟರು ನಕ್ಕು, ನೇರ ನೋಡುವ ಕಣ್ಣೇ ಬರೆದರು. ಅಪ್ಪ ಬೀಡಿ ಹಚ್ಚಿಕೊಂಡು ರಸ್ತೆಗೆ ಇಳಿದ.

ಅಮಾವಾಸ್ಯೆಯ ದಿನ ಪಟದ ಮುಂದೆ ಎಡೆ ಇಟ್ಟರು. ಅಪ್ಪ ಚೆಂಡುಹೂವಿನ ಹಾರವನ್ನು ಅವ್ವನ ಕಣ್ಣು ಮುಚ್ಚುವ ಹಾಗೆ ಇಳಿಬಿಟ್ಟ. ಅವನ ತಾಯಿ, ನನ್ನ ಅಜ್ಜಿ, ಎದ್ದು ಬಂದು ಹಾರವನ್ನು ಎರಡೂ ಪಕ್ಕಕ್ಕೆ ಸರಿಸಿದಳು.

"ನೋಡ್ಲಿ ಬುಡ್ಲಾ. ಬದುಕಿದ್ದಾಗ ನಿನ್ ಮುಂದೆ ಒಂದಿನಾನಾದ್ರೂ ತಲೆ ಎತ್ತಿದ್ಲಾ?"

ಅಪ್ಪ ಕೈಮುಗಿದು ನಿಂತ. ಪಟದ ಕಡೆ ನೋಡಲಿಲ್ಲ. ಪಕ್ಕದಲ್ಲೇ ನಿಂತಿದ್ದ ನನ್ನ ಕಡೆಯೂ ನೋಡಲಿಲ್ಲ.