ದ್ಯಾವಯ್ಯ ಎಲೆ ಮಡಚಿದ ಹಾಗೆ

ಗಂಡಿನ ತಾತ ಮಾಯಿಗೌಡರ ಎಲೆಯಲ್ಲಿದ್ದ ಪಾಯಸದ ಮೇಲೆ ಕೆಂಪಣ್ಣ ಸೊರ್ರನೆ ಮಜ್ಜಿಗೆ ಹುಯ್ದುಬಿಟ್ಟ. ಮಗಳ ಮದುವೆ ಮಾತು ಗಟ್ಟಿಯಾಗುವ ದಿನವೇ ಈ ಪುಣ್ಯಾತ್ಮನ ಕೈ ತಪ್ಪಬೇಕೆ! ಬಾಗಿಲಲ್ಲಿ ನಿಂತಿದ್ದ ಹೆಂಡತಿ ಚಿಕ್ಕಬೋರಮ್ಮ ಹಣೆ ಹಣೆ ಚಚ್ಚಿಕೊಂಡಳು.

“ಅಯ್ಯಯ್ಯೋ, ನೋಡ್ಕಂಡ್ ಬಡ್ಸಬಾರ್ದಾ! ದ್ಯಾವಯ್ಯ ಎಲೆ ಮಡಚ್ದಂಗೆ ಮಾಡ್ಬುಟ್ರಲ್ಲಾ!”

ಪಂಕ್ತಿಯಲ್ಲಿದ್ದ ಕ್ಯಾತನಹಳ್ಳಿಯ ಊರವರು ಘೊಳ್ಳೆಂದು ನಕ್ಕರು. ಹೇಮಗಿರಿ ಕಡೆಯಿಂದ ಬಾಡಿಗೆ ವ್ಯಾನಿನಲ್ಲಿ ಬಂದಿದ್ದ ಬೀಗರು ಮಾತ್ರ ಮುಖ ಮುಖ ನೋಡಿಕೊಂಡರು. ಊಟ ಮುಗಿದರೆ ವೀಳ್ಯ ಬದಲಾಯಿಸುವುದೊಂದೇ ಬಾಕಿ. ಒಳಕೋಣೆಯಲ್ಲಿ ಮಗಳು ಪ್ರಮೀಳಾ ಸೀರೆಯುಟ್ಟು ಕೂತಿದ್ದಳು. ಹುಡುಗ ಲೋಕೇಶ ಅವಳಿಗೆ ಬಹಳ ಮೆಚ್ಚುಗೆಯಾಗಿದ್ದ. ಈ ಸಂಬಂಧ ತಪ್ಪಿದರೆ ಅವಳ ಮುಖ ನೋಡಲಾಗುವುದಿಲ್ಲ ಎಂದು ತಾಯಿಗೆ ಗೊತ್ತಿತ್ತು.

“ಯಾವ ದ್ಯಾವಯ್ಯ ಅವ್ವ?” ಮಾಯಿಗೌಡರು ಕೇಳಿದರು.

ಕೇಳಿದ್ದೇ ತಡ, ಚಿಕ್ಕಬೋರಮ್ಮನಿಗೆ ಹುರುಪು ಬಂತು. ಈ ಕಥೆ ಹೇಳುವುದೆಂದರೆ ಅವಳಿಗೆ ಹೊಸದಾಗಿ ಮದುವೆಯಾದಷ್ಟೇ ಸಂತೋಷ.

“ಅದೊಂದ್ ಕತೆ ಗೌಡ್ರೇ! ನನ್ನ ಈ ಮನ್ಗೆ ಗೊತ್ ಮಾಡ್ದೋನೇ ಅವ್ನು. ಅವನೂರು ಯಾವ್ದೋ ಕಾಣೆ, ದನ ಕೊಳ್ಳಕ್ಕೆ ಊರೂರು ತಿರುಗೋನು. ನಮ್ಮಪ್ಪನ ಮನೆ ನಾಗಮಂಗಲದ ತಾವು. ಮದ್ವೆಗೆ ಒಂದ್ ದಿನ ಮುಂಚೆ ಚಪ್ಪರದೂಟಕ್ಕೆ ಕುಂತಿದ್ದ. ಉಂಡ್ಬುಟ್ಟು ಎಲೆಯ ಆ ಕಡೀಕೆ ಮಡಚೋದಾ!”

ಶುಭದ ಊಟವಾದರೆ ಎಲೆಯನ್ನು ತಮ್ಮ ಕಡೆಗೆ ಮಡಚಬೇಕು. ತಿಥಿಯ ಊಟವಾದರೆ ಆಚೆ ಕಡೆಗೆ. ಇಂಥ ಊಟ ಇನ್ನು ಬಾರದಿರಲಿ ಎಂದು. ಎಲೆ ಮುಂದೆ ಕೂರಲು ಬರುವ ಕೂಸಿಗೂ ಇದು ಗೊತ್ತು.

“ಇಡೀ ಚಪ್ಪರ ನಕ್ಕಿದ್ದೇ ನಕ್ಕಿದ್ದು. ಅವನೂ ನಕ್ಕ. ಆಮ್ಯಾಕೆ ನಾಚ್ಕಂಡು ಧಾರೆಗೂ ನಿಲ್ದೆ ಓಗ್ಬುಟ್ಟ. ಮತ್ತೆ ನಮ್ ಕಡೀಕೆ ತಲೆನೇ ಆಕ್ನಿಲ್ಲ!”

ಪಂಕ್ತಿ ಮತ್ತೆ ನಕ್ಕಿತು. ಮಾಯಿಗೌಡರು ಮಾತ್ರ ಬಾಯಿಗೆತ್ತಿದ್ದ ತುತ್ತನ್ನು ಎಲೆಗೇ ಹಾಕಿದರು.

“ದ್ಯಾವಯ್ಯ ನನ್ ಭಾವ ಕಣವ್ವ. ನಮ್ಮಕ್ಕನ ಗಂಡ.”

ಚಿಕ್ಕಬೋರಮ್ಮ ನಾಲಿಗೆ ಕಚ್ಚಿಕೊಂಡಳು. ಬೀಗರ ಮನೆಯವನನ್ನೇ ಬೀಗರೆದುರು ಆಡಿಕೊಂಡಳಲ್ಲ! ಹಾಳು ನಾಲಿಗೆ, ಮಗಳ ಮದುವೆಯನ್ನೇ ಮುರಿಯಿತು.

“ತಪ್ಪಾಯ್ತು ಗೌಡ್ರೇ, ಒಟ್ಟೆಗಾಕ್ಕಳಿ...”

“ಆವತ್ತು ಪಂಕ್ತೀಲಿ ಅವನ ಕಿವೀಲಿ ಬಗ್ಗಿ ಯೋಳ್ದೋನು ನಾನೇ. ಅವನ ಮಗ ಒಳೇಲಿ ಮುಳುಗೋಗಿದ್ದ. ಒಬ್ನೇ ಮಗ. ಎಣವ ಜಗಲಿ ಮ್ಯಾಲೆ ಮಲಗ್ಸಿ ಸೈಕಲ್ ತುಳ್ಕಂಡ್ ಬಂದಿದ್ದೆ.”

ಮಾಯಿಗೌಡರು ಕೆಂಪಣ್ಣನತ್ತ ತಿರುಗಿದರು.

“ನಿಮ್ಮಪ್ಪ ಬಾಳ ಶಕುನದ ಮನ್ಸ ಅಲ್ವೇನಪ್ಪ? ಗೊತ್ ಮಾಡ್ದೋನ ಮನೇಲೇ ಸಾವು ಅಂದ್ರೆ ಧಾರೆ ನಿಲ್ಸ್ಬುಡೋನು. ‘ಎಲ್ಡ್ ಸಂಬಂದ ಮುರ್ದೋಗಿರೋ ಉಡ್ಗಿ ಕಣ್ಲಾ. ಇದೂ ನಿಂತೋದ್ರೆ ಬಾವಿ ಬೀಳ್ತಾಳೆ, ಬಾಯ್ ಬುಡ್ಬೇಡ’ ಅಂದ ನಮ್ ಭಾವ. ಬಾಯಲ್ಲಿದ್ದ ತುತ್ತ ನುಂಗ್ದ. ಕೈ ಮಾತ್ರ ಅವನ ಮಾತ್ ಕೇಳ್ನಿಲ್ಲ. ಎಲೆಯ ಆ ಕಡೀಕೆ ಮಡಚ್ಬುಡ್ತು.”

ಚಿಕ್ಕಬೋರಮ್ಮ ಬಾಗಿಲವಾಡ ಹಿಡಿದುಕೊಂಡಳು. ಕತ್ತಿನ ತಾಳಿ, ಈ ಮನೆ, ಒಳಗೆ ಕೂತ ಮಗಳು, ಎಲ್ಲವೂ ಅವನು ನುಂಗಿದ ಆ ತುತ್ತಿನಿಂದ ಬಂದದ್ದೆ? ಶಿವನೇ, ಅದನ್ನೇ ಹೇಳಿ ಹೇಳಿ ಇಷ್ಟು ವರ್ಷ ನಕ್ಕಳಲ್ಲ!

“ನಂಗೊತ್ತಿರ್ನಿಲ್ಲ... ಯಾರೂ ಯೋಳ್ನಿಲ್ಲ...”

“ಯೋಳ್ಬ್ಯಾಡಿ ಅಂದಿದ್ದ. ಸಾಯೋಗಂಟ ಅದೇ ಮಾತು. ಗೊತ್ತಾದ್ರೆ ಆ ಉಡ್ಗಿ ಕೊರಗ್ತಾಳೆ ಅಂತಿದ್ದ.” ಮುದುಕರು ಪಂಚೆಯ ತುದಿಯಿಂದ ಕಣ್ಣೊರೆಸಿಕೊಂಡರು. “ಅವ್ನು ಉಳ್ಸಿದ್ ಮನೆ ಇದು. ನಾನ್ ಯಾಕವ್ವ ಕೆಡಿಸ್ಲಿ?”

ಅವರು ಎಲೆಯನ್ನು ನಿಧಾನವಾಗಿ ತಮ್ಮ ಕಡೆಗೆ ಮಡಚಿ, ಮೇಲೆ ಅಂಗೈಯಿಟ್ಟು ಒತ್ತಿದರು. ಚಿಕ್ಕಬೋರಮ್ಮನಿಗೆ ಹೋದ ಜೀವ ಬಂದಂತಾಗಿ ಅಳುವೇ ಉಕ್ಕಿಬಂತು.

ಅಷ್ಟರಲ್ಲಿ ಬೀದಿಯಿಂದ ಟ್ರಾಕ್ಟರಿನ ಸದ್ದು. ಅದರ ಮೇಲೆ ನೆರೆಮನೆ ಬೆಟ್ಟಮ್ಮನ ಗಂಟಲು:

“ಮುಂದುಕ್ ಬುಡು ಅಂದ್ರೆ ಇಂದುಕ್ ಬುಡ್ತಾವ್ನಲ್ಲಪ್ಪಾ! ದ್ಯಾವಯ್ಯ ಎಲೆ ಮಡಚ್ದಂಗೆ!”

ಇಡೀ ಬೀದಿ ನಕ್ಕಿತು. ಎಳೆ ಮಕ್ಕಳೂ ನಕ್ಕವು.

ಮಾಯಿಗೌಡರು ತಲೆಯೆತ್ತಿದರು. “ನಿಮ್ಮಪ್ಪನ ಊರಿನ ಮಾತು ಈ ಊರ್ಗೆ ಎಂಗ್ ಬಂತವ್ವ?”

ಮಡಿಲಕ್ಕಿಯ ಜೊತೆ ಅದನ್ನೂ ಕಟ್ಟಿಕೊಂಡು ಬಂದವಳು ಬಾಯಿಗೆ ಸೆರಗು ತುರುಕಿಕೊಂಡು ನಿಂತಿದ್ದಳು.