ನೂರರ ಒಳಗೆ

ಸಹಾಯಕಿ ನೀಲಿ ತನ್ನ ಕೈ ತೊಳೆಯುವುದನ್ನು ಪ್ರಿಯಾಂಕ ಗಾಜಿನ ಆಚೆಯಿಂದ ಗಡಿಯಾರ ಹಿಡಿದು ನೋಡುತ್ತಿದ್ದಳು. ಬೆರಳ ಸಂದು, ಉಗುರಿನ ಅಡಿ, ಮುಂಗೈ. ನಲವತ್ತು ಸೆಕೆಂಡು. ತಪ್ಪಿಲ್ಲ. ಒಂದು ತಪ್ಪು ಸಿಕ್ಕಿದ್ದರೆ ಎಷ್ಟೋ ಚೆನ್ನಾಗಿತ್ತು.

"ಇನ್ನೊಂದು ಸಲ," ಎಂದಳು.

"ಇದು ಮೂರನೇದು ಚೇಚ್ಚೀ. ನಾಲ್ಕನೇದಕ್ಕೆ ತೊಗಲೇ ಬರ್ತದೆ. ಅದನ್ನೂ ಕ್ರೀಮಿಗೆ ಹಾಕುವಾ?" ಎಂದಳು ನೀಲಿ. ಅಕ್ಕ ಎನ್ನುವುದಕ್ಕೆ ಅವಳದು ಮಲಯಾಳದ ಚೇಚ್ಚೀ.

ಪ್ರಿಯಾಂಕ ನಗಲಿಲ್ಲ.

ಮೀನಂಗಡಿ ಎಂಬ ಊರಿನಿಂದ ಎರಡು ಕಿಲೋಮೀಟರ್ ಒಳಗೆ, ಮನೆಯ ಹಳೆಯ ಕಾಫಿ ಗೋದಾಮನ್ನು ಅವಳು ಮುಖದ ಕ್ರೀಮು ತಯಾರಿಸುವ ಲ್ಯಾಬ್ ಮಾಡಿದ್ದಳು. ಧೂಳು ಕೂರದ ಹಾಗೆ ದುಂಡಗೆ ತಿರುಗಿದ ಗೋಡೆಗಳು, ಬಿರುಕಿಲ್ಲದ ನೆಲ, ಬರುವ ಗಾಳಿಗೂ ಜರಡಿ. ಕೊಚ್ಚಿಯ ಸಾಬೂನು ಕಾರ್ಖಾನೆಯೊಂದರಲ್ಲಿ ಒಂಬತ್ತು ವರ್ಷ ಗುಣಮಟ್ಟ ಪರೀಕ್ಷೆ ಮಾಡಿ ಬಂದವಳು. ಯಾವ ನಿಯಮ ಯಾವ ಪುಟದಲ್ಲಿದೆ ಎಂದು ಕಣ್ಣು ಮುಚ್ಚಿ ಹೇಳಬಲ್ಲಳು. ಆದರೂ ಪರವಾನಗಿ ಎರಡು ಸಲ ತಪ್ಪಿಹೋಗಿತ್ತು.

ಕಾರಣ ನೀರು. ಕ್ರೀಮಿಗೆ ಬೆರೆಸುವ ನೀರಿನಲ್ಲಿ, ಮಿಲಿಲೀಟರಿಗೆ ಜೀವಾಣು ನೂರು ದಾಟಬಾರದು. ಮೊದಲ ಸಲ ನೂರ ನಲವತ್ತು. ಎರಡನೆಯ ಸಲ ಆರುನೂರು. ಮೂರನೆಯ ಸಲವೂ ಪರವಾನಗಿ ತಪ್ಪಿದರೆ ಕಟ್ಟಡ ಅಣ್ಣ ಅರಿಹಂತನ ಪಾಲಿಗೆ. ಅವನು ತನ್ನ ಹೋಂಸ್ಟೇಗೆ ಆಗಲೇ ಹೆಸರು ಹುಡುಕಿಟ್ಟಿದ್ದ.

ಬಾವಿಯ ಮೇಲೆ ಅವಳಿಗೆ ಅನುಮಾನವಿರಲಿಲ್ಲ. ಲ್ಯಾಬ್ ಶುರುವಾಗುವ ಮೊದಲೇ ಪರೀಕ್ಷೆ ಮಾಡಿದ್ದಳು: ಹನ್ನೊಂದು. ಫಿಲ್ಟರಿಗೆ ಹೋಗುವ ಮೊದಲೇ ಹನ್ನೊಂದು! ಅವರದು ಸೋಸದ ನೀರನ್ನು ತುಟಿಗೆ ಮುಟ್ಟಿಸದ ಜೈನ ಮನೆ. ಬಾವಿಕಟ್ಟೆಯ ಮೇಲೆ ಒಣ ಎಲೆ ಬಿದ್ದರೂ ಅಪ್ಪ ಅಜಿತಪ್ರಸಾದರು ಎದ್ದು ಹೋಗಿ ತೆಗೆಯುತ್ತಿದ್ದರು. ಹಾಗಾಗಿ ಬಾವಿಯಿಂದ ಈಚಿನದ್ದನ್ನೆಲ್ಲ ಬದಲಿಸಿದಳು. ಪೈಪು ಹೊಸದು. ಫಿಲ್ಟರ್ ಎರಡು ಸಲ ಹೊಸದು. ನೀರಿಗೆ ನೇರಳಾತೀತ ಬೆಳಕು ಹಾಯಿಸುವ ದೀಪವೂ ಹೊಸದು. ಬದಲಿಸದೆ ಉಳಿದದ್ದು, ದಿನವೂ ಮಾದರಿ ಬಾಟಲಿ ತುಂಬುವ ನೀಲಿಯ ಕೈ.

ಆ ದಿನಗಳಲ್ಲಿ ಏರುಪೇರಿಲ್ಲದೆ ನಡೆದದ್ದು ಅಪ್ಪನ ಕೆಲಸ ಒಂದೇ. ನೀರನ್ನು ಗಾಜಿನ ತಟ್ಟೆಗಳಲ್ಲಿನ ಅಗರ್ ಎಂಬ ಲೋಳೆಯ ಮೇಲೆ ಹರಡಿ ಮೂರು ದಿನ ಬೆಚ್ಚಗಿಟ್ಟರೆ ಜೀವಾಣುಗಳು ಚುಕ್ಕೆ ಚುಕ್ಕೆಯಾಗಿ ಬೆಳೆಯುತ್ತವೆ. ಎಣಿಸಿದ ಮೇಲೆ ಆ ತಟ್ಟೆಗಳನ್ನು ಅರ್ಧ ಗಂಟೆ ಹಬೆಯ ಡ್ರಮ್ಮಿನಲ್ಲಿಡಬೇಕು. ಮೊದಲ ಸಲ ಇದನ್ನು ಕೇಳಿದಾಗ ಅಜಿತಪ್ರಸಾದರು, "ಸಾಕಿ, ಎಣಿಸಿ, ಆಮೇಲೆ ಬೇಯಿಸುವುದಾ?" ಎಂದು ಊಟ ಬಿಟ್ಟು ಎದ್ದಿದ್ದರು. ವಾರ ಕಳೆದ ಮೇಲೆ ತಾವೇ ಬಂದರು.

"ಆ ಕೆಲಸ ನನಗೆ ಬಿಡು ಮಗಳೇ. ನಿನ್ನ ಕೈಗೆ ಬೇಡ."

ಮಗಳಿಗಾಗಿ ಅಪ್ಪ ತಮ್ಮ ನಂಬಿಕೆಯನ್ನೇ ಬಾಗಿಸಿದರೆಂದುಕೊಂಡು ಪ್ರಿಯಾಂಕ ದಾಖಲೆ ಪುಸ್ತಕವನ್ನು ಅವರ ಕೈಗಿತ್ತಳು. ಅಂದಿನಿಂದ ಪ್ರತಿ ಬೆಳಿಗ್ಗೆ ಹಬೆಯಾಡಿದ ಗಾಜು ಫಳಫಳ ಹೊಳೆಯುತ್ತ ಬರುತ್ತಿತ್ತು. ದಾಖಲೆ ಪುಸ್ತಕದಲ್ಲಿ ಹೊತ್ತು, ಬಿಸಿಯ ಅಳತೆ, ಅವರ ಸಹಿ. ಒಂದು ದಿನವೂ ತಪ್ಪಿಲ್ಲ.

ಮೂರನೆಯ ತಪಾಸಣೆಗೆ ತಿಂಗಳಿರುವಾಗ ಅವಳು ಪರೀಕ್ಷೆಗಳನ್ನು ಹೆಚ್ಚಿಸಿದಳು. ದಿನಕ್ಕೆ ಎಂಟು ತಟ್ಟೆ ಇದ್ದದ್ದು ಹದಿನಾರಾಯಿತು, ಮೂವತ್ತಾಯಿತು. ಅಂಕಿ ಎಂಟುನೂರಕ್ಕೆ ಹೋಯಿತು, ಸಾವಿರ ದಾಟಿತು. ಹುಡುಕಿದಷ್ಟೂ ಏರುತ್ತಿತ್ತು. ನೀಲಿಯ ಅಂಗೈಯನ್ನು ಹತ್ತಿಯಲ್ಲಿ ಒರೆಸಿ ತಟ್ಟೆಗೆ ಹಚ್ಚಿದಳು. ಏನೂ ಬೆಳೆಯಲಿಲ್ಲ. ಪರೀಕ್ಷೆಯ ದಿನ ಮಾತ್ರ ಚೆನ್ನಾಗಿ ತೊಳೆದಿದ್ದಾಳೆ ಎಂದುಕೊಂಡಳು.

"ನಾಳೆಯಿಂದ ಬರಬೇಡ," ಎಂದಳು.

ನೀಲಿ ತಲೆಯ ಟೊಪ್ಪಿ ತೆಗೆದು ಮಡಚಿ ಮೇಜಿನ ಮೇಲಿಟ್ಟಳು. "ನೀರು ಸರಿಯಾದರೆ ಹೇಳಿ ಕಳಿಸು ಚೇಚ್ಚೀ. ಸರಿಯಾಗದಿದ್ದರೂ ಹೇಳಿ ಕಳಿಸು. ಅದನ್ನು ಕೇಳುವುದಕ್ಕೇ ನನಗೆ ಹೆಚ್ಚು ಆಸೆ."

ಮರುದಿನದಿಂದ ಬಾಟಲಿ ತುಂಬಿದ್ದು ಪ್ರಿಯಾಂಕಳೇ. ತಟ್ಟೆಗಳು ನಲವತ್ತಾದವು. ಅಪ್ಪ ಎರಡು ಬುಟ್ಟಿಗಳಲ್ಲಿ ಹೊತ್ತುಕೊಂಡು ಹೋಗುತ್ತಿದ್ದರು. ಉಸಿರು ಕಟ್ಟುತ್ತಿತ್ತು, ಆದರೂ ಸಹಾಯಕ್ಕೆ ಯಾರನ್ನೂ ಹತ್ತಿರ ಬಿಡಲಿಲ್ಲ.

ತಪಾಸಣೆಗೆ ಬಂದ ಶಂಕರನ್ ಮೊಣಕಾಲೂರಿ ನೆಲದ ಅಂಚಿನವರೆಗೂ ಬೆರಳಾಡಿಸಿ ನೋಡಿದರು. ಮಾದರಿಯನ್ನು ತಾವೇ ತುಂಬಿಕೊಂಡು ಹೋದರು. ಐದನೆಯ ದಿನ ಕಾಗದ ಹಿಡಿದು ಬಂದರು. ಎರಡು ಸಾವಿರದ ನಾನೂರು.

"ಇಷ್ಟು ಚೊಕ್ಕ ನೆಲ ನಾನೆಲ್ಲೂ ಕಂಡಿಲ್ಲ ಮೇಡಂ," ಎಂದರು. "ಏನು ಮಾಡುವುದು, ನೆಲಕ್ಕೆ ಪರವಾನಗಿ ಕೊಡುವ ಹಾಗಿಲ್ಲ."

ಅರಿಹಂತ ಅದೇ ಸಂಜೆ ಅಳತೆ ಪಟ್ಟಿ ತಂದ. ಅವನು ಗೋಡೆ ಅಳೆಯುತ್ತಿರುವಾಗ ಪ್ರಿಯಾಂಕ ನೀಲಿಗೆ ಫೋನ್ ಮಾಡಿದಳು. ಕಾಟ್ಟಿಕುಳಂನ ಶುಂಠಿ ಹೊಲದಲ್ಲಿ ಕೂಲಿಗೆ ಸೇರಿದ್ದ ನೀಲಿ ಎತ್ತಲಿಲ್ಲ. ಮತ್ತೆ ಮಾಡಿದಳು. ಎತ್ತಲಿಲ್ಲ.

ಅಜಿತಪ್ರಸಾದರು ಬಂದು ಮೆಟ್ಟಿಲ ಮೇಲೆ ಮಗಳ ಪಕ್ಕ ಕೂತರು.

"ನೀಲಿ ಅಲ್ಲ ಅಪ್ಪಾ," ಎಂದಳು. "ಪಾಪದ ಹೆಂಗಸನ್ನು ಸುಮ್ಮನೆ ಓಡಿಸಿದೆ. ಎಲ್ಲ ಹೋಯಿತು."

ಅವರು ಅವಳ ತಲೆಯ ಮೇಲೆ ಕೈಯಿಟ್ಟರು. "ಹೋದದ್ದು ಹೋಗಲಿ ಮಗಳೇ, ಹತ್ಯೆಯ ಪಾಪ ಮಾತ್ರ ನಿನಗೆ ಅಂಟಲಿಲ್ಲ. ಸೋಸಿದ ಬಟ್ಟೆಯಲ್ಲಿ ಉಳಿದ ಜೀವಗಳನ್ನು ನಮ್ಮವರು ಅವು ಬಂದ ನೀರಿಗೇ ಮರಳಿಸುವುದಿಲ್ಲವಾ, ಹಾಗೇ ನಿನ್ನ ತಟ್ಟೆಗಳಲ್ಲಿ ಬೆಳೆದವನ್ನೂ ದಿನಾ ಬಾವಿಗೆ ತೊಳೆದು ಬಿಟ್ಟು, ಬರಿಯ ಗಾಜನ್ನಷ್ಟೇ ಹಬೆಗಿಟ್ಟಿದ್ದೇನೆ; ಒಂದನ್ನೂ ಸಾಯಿಸಿಲ್ಲ."