ಕೆಂಪು ಗುಂಡಿಯ ಪಕ್ಕದಲ್ಲಿ

ಹಸಿರು ಗುಂಡಿ ಒತ್ತುವಾಗ ತಾನು ಕಣ್ಣು ಮುಚ್ಚಿಕೊಳ್ಳುತ್ತೇನೆ ಎಂಬುದನ್ನು ಅವಳು ತನಗಲ್ಲದೆ ಇನ್ನಾರಿಗೂ ಹೇಳಿಕೊಂಡಿರಲಿಲ್ಲ. ಕಂಪ್ಯೂಟರ್ ಹೇಳಿದಂತೆ ಲೋಹ ಕೊರೆಯುವ ಸಿಎನ್‌ಸಿ ಮೆಷಿನ್ ಕಲಿಯಲು ಬಂದವಳು, ಅದು ಗುರ್ ಎಂದ ಕೂಡಲೇ ಗುಡುಗಿಗೆ ಬೆದರಿದ ಕೂಸಾಗುವುದೆಂದರೆ! ಕಂಪ್ಯೂಟರಿನ ಮುಂದೆ ಕೂತು ಪ್ರೋಗ್ರಾಂ ಬರೆಯುವುದೇನೋ ನೀರು ಕುಡಿದಷ್ಟು ಸಲೀಸು. ಬರೆದದ್ದು ಉಕ್ಕನ್ನು ಕೊರೆಯಲು ಹೊರಟಾಗ ಮಾತ್ರ ಎದೆ ಡವಡವ.

ಇವತ್ತು ಅವಳದೇ ಪ್ರೋಗ್ರಾಂ, ಮೊದಲ ಸಲ. ಅವಳಿಗೆ ಕಲಿಸುವ ಹಿರಿಯ ಆಪರೇಟರ್, ಇಡೀ ಶೆಡ್ಡಿಗೇ ‘ಅಕ್ಕ’, ಎಂದಿನಂತೆ ಮೆಷಿನ್ನಿಗೆ ಒರಗಿಕೊಂಡು ನಿಂತಿದ್ದರು.

“ಏನೇ ಮೌನಗೌರಿ, ಬಾಯಿ ಬಿಟ್ರೆ ಮುತ್ತು ಉದುರಿ ಹೋಗುತ್ತಾ? ಸೂಪರ್‌ವೈಸರ್ ನಿನ್ನನ್ನ ಆಫೀಸಿಗೆ ಹಾಕ್ಕೋತಾರಂತೆ. ಡಿಗ್ರಿ ಮಾಡಿದೋಳಿಗೆ ಈ ಎಣ್ಣೆ ಜಿಡ್ಡು ಯಾಕೆ ಅಂದ್ರಂತೆ. ನೀನೂ ಹೂಂ ಅಂದ್ಯಂತೆ?”

ಹೂಂ ಅಂದಿರಲಿಲ್ಲ. ತಲೆಯಾಡಿಸಿದ್ದಳು, ಅಷ್ಟೇ. ಯಾರು ಏನಂದರೂ ತಲೆಯಾಡಿಸಿಬಿಡುವುದು ಅವಳ ಚಾಳಿ. ಆಫೀಸು ಅವಳಿಗೆ ಸುತರಾಂ ಬೇಕಿರಲಿಲ್ಲ. ಲೋಹದ ತುಂಡೊಂದು ತಾನು ಎಣಿಸಿದ ಆಕಾರಕ್ಕೆ ತಿರುಗಿ, ಬೆಚ್ಚಗೆ ಅಂಗೈಗೆ ಬಂದು ಕೂರುವುದು ಬೇಕಿತ್ತು.

“ಕಣ್ಮುಚ್ಕೊಂಡು ಗುಂಡಿ ಒತ್ತೋಳಿಗೆ ಆಫೀಸೇ ವಾಸಿ ಬಿಡು,” ಅಂದರು ಅಕ್ಕ.

ಅವಳು ಗುಂಡಿಯಿಂದ ಕೈ ತೆಗೆದಳು. “ನಿಮಗೆ... ಗೊತ್ತಿತ್ತಾ ಅಕ್ಕಾ?”

“ಮೊದಲ್ನೇ ದಿನಾನೇ ಗೊತ್ತಾಯ್ತು ಕಣೆ. ಇಲ್ದಿದ್ರೆ ನನಗೇನು ಸೊಂಟ ಬಿದ್ದೋಗಿದ್ಯಾ, ದಿನಾ ಈ ಕೆಂಪು ಗುಂಡಿ ಪಕ್ಕಾನೇ ಒರಗಿಕೊಳ್ಳೋಕೆ? ಹೆಚ್ಚುಕಮ್ಮಿ ಆದ್ರೆ ನಿಲ್ಸೋಣ ಅಂತ. ಇವತ್ತು ನಾನು ಆಚೆ ಹೋಗ್ತೀನಿ. ನಿಂದು ನೀನೇ ನೋಡ್ಕೋ.”

ಅವಳು ಕೆಂಪು ಗುಂಡಿಯತ್ತ ನೋಡಿದಳು. ತಾನು ಕಣ್ಣು ಮುಚ್ಚಿದಾಗಲೆಲ್ಲ ಇನ್ನೊಂದು ಜೊತೆ ಕಣ್ಣು ತನಗಾಗಿ ತೆರೆದಿತ್ತಲ್ಲ! ಏನಾದರೂ ಹೇಳಬೇಕೆಂದು ತುಟಿ ಬಿಚ್ಚುವಷ್ಟರಲ್ಲಿ ಅಕ್ಕ ಶೆಡ್ಡಿನ ಆ ಮೂಲೆ ಸೇರಿ, ಚೂರುಪಾರು ಗುಡಿಸತೊಡಗಿದ್ದರು.

ಡ್ರಿಲ್ ಮೊದಲ ಸಲ ಇಳಿಯುವಾಗ ವೇಗ ತಗ್ಗಿಸಬೇಕು. ಅದು ಉಕ್ಕನ್ನು ಮುಟ್ಟಲು ಇನ್ನೆಷ್ಟು ಬಾಕಿ ಎಂದು ಸ್ಕ್ರೀನ್ ಹೇಳುವುದನ್ನೂ ನಡುವೆ ಕಣ್ಣಿಗೆ ಕಾಣುವ ಸಂದನ್ನೂ ತಾಳೆ ನೋಡಬೇಕು. ಹಾಗೆಂದು ಕಲಿಸಿದ್ದರು ಅಕ್ಕ. ಅವಳು ಹಸಿರು ಗುಂಡಿ ಒತ್ತಿದಳು. ರೆಪ್ಪೆ ಅದುರಿತು, ಮುಚ್ಚಲಿಲ್ಲ. ಡ್ರಿಲ್ ಇರುವೆಯಂತೆ ಇಳಿಯಿತು. ಉಕ್ಕನ್ನು ಮುಟ್ಟಲು ಇನ್ನೂ ನಾಲ್ಕು ಬೆರಳು ಇಳಿಯಬೇಕು ಎನ್ನುತ್ತಿತ್ತು ಸ್ಕ್ರೀನ್. ಎದುರಿಗಿದ್ದ ಸಂದು ಒಂದು ಬೆರಳೂ ಇರಲಿಲ್ಲ.

ಕೈ ತಾನಾಗಿ ಕೆಂಪು ಗುಂಡಿಗೆ ಬಡಿಯಿತು.

ಆಮೇಲೆ ಹೊಳೆಯಿತು. ಬೆಳಿಗ್ಗೆ ಮೊಂಡು ಡ್ರಿಲ್ ತೆಗೆದು ಹೊಸದು ಹಾಕಿದ್ದಳು. ಹೊಸದು ಉದ್ದ. ಅದರ ಅಳತೆ ತೆಗೆಯುವುದನ್ನೇ ಮರೆತಿದ್ದಳು. ಮೆಷಿನ್ನಿನ ತಲೆಯಲ್ಲಿ ಇನ್ನೂ ಹಳೆಯ ಡ್ರಿಲ್ಲಿನ ಉದ್ದವೇ ಕೂತಿತ್ತು. ಬಿಟ್ಟಿದ್ದರೆ ಡ್ರಿಲ್ ಉಕ್ಕಿಗೆ ಗುದ್ದಿ ಮುರಿಯುತ್ತಿತ್ತು.

ಸದ್ದು ನಿಂತದ್ದು ಕೇಳಿ ಸೂಪರ್‌ವೈಸರ್ ಬಂದರು. “ನಿಂತೋಯ್ತಾ? ನಾನು ಹೇಳ್ಲಿಲ್ವೇನಮ್ಮಾ! ನಾಳೆಯಿಂದ ಮೇಲೆ ಆಫೀಸಿಗೆ ಬಂದು ಆರಾಮಾಗಿ ಕೂತ್ಕೋ.”

“ನಿಂತಿದ್ದಲ್ಲ ಸಾರ್, ನಿಲ್ಲಿಸಿದ್ದು!” ಅಕ್ಕ ಅಲ್ಲಿಂದಲೇ ಕೂಗಿದರು. ಹತ್ತಿರ ಮಾತ್ರ ಬರಲಿಲ್ಲ.

ಅವಳ ತಲೆ ಅಭ್ಯಾಸಬಲದಿಂದ ಅರ್ಧ ಆಡಿ, ಅಲ್ಲೇ ನಿಂತಿತು.

“ಬೇಡ ಸಾರ್. ಡ್ರಿಲ್ಲಿನ ಅಳತೆ ಮರೆತಿದ್ದು ನಾನು. ಆ ತಪ್ಪನ್ನ ನೋಡಿ ಹಿಡಿಯೋದು ಕಲಿಸಿದ್ದು ಅಕ್ಕ. ನನಗೆ ಈ ಮೆಷಿನ್ನೇ ಬೇಕು.”